ಗೋಡೆ ಮೇಲಿನ ಸೋದರಮಾವ

ಪೇಟೆಯವರೆಲ್ಲ ನಮ್ಮಪ್ಪನನ್ನು ನಿಲ್ಬೇಡಣ್ಣ ಎಂದು ಕರೆಯುತ್ತಿದ್ದರು. ಬೇರೆ ಫೋಟೋದವರು "ಅಲ್ಲಾಡಬೇಡಿ, ಗದ್ದ ಸ್ವಲ್ಪ ಮೇಲೆ, ಉಸಿರು ಹಿಡ್ಕೊಳ್ಳಿ" ಎಂದು ಜನರನ್ನು ಕಂಬ ಮಾಡಿ ನಿಲ್ಲಿಸುತ್ತಿದ್ದ ಕಾಲ ಅದು. ನಮ್ಮಪ್ಪ ಬೀದಿಯ ತಿರುವಿನಲ್ಲಿ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು, ಎದುರಿಗೆ ಬಂದವರಿಗೆಲ್ಲ "ನಿಲ್ಬೇಡಿ, ನಿಲ್ಬೇಡಿ, ನಡೀತಾ ಇರಿ!" ಎಂದು ಕೂಗುತ್ತಿದ್ದ. ನಿಂತುಬಿಟ್ಟರೆ ಎಲ್ಲರೂ ಒಂದೇ ಥರ ಸುಳ್ಳು ಹೇಳುತ್ತಾರೆ ಅನ್ನುವುದು ಅವನ ವಾದ. ಕೆಲವರು ಹೆದರಿ ಓಡುತ್ತಿದ್ದರು, ಕೆಲವರು ಬೈಯುತ್ತಿದ್ದರು. ಬೈದವರ ಫೋಟೋ ಚೆನ್ನಾಗಿ ಬರುತ್ತದೆ ಎಂದು ಅಪ್ಪ ಇನ್ನೂ ಖುಷಿಯಾಗುತ್ತಿದ್ದ.

ಆ ತಿರುವಿನ ಕಾಲುದಾರಿಯಲ್ಲಿ ಒಂದು ಚಪ್ಪಡಿ ಒಡೆದಿತ್ತೆಂದು ಯಾವಾಗಲೋ ಬೇರೆ ಕಲ್ಲು ತಂದು ಹಾಕಿದ್ದರು. ಅದು ಉಳಿದವಕ್ಕಿಂತ ಬೆಳ್ಳಗಿತ್ತು. ಅಪ್ಪ ಕ್ಯಾಮೆರಾವನ್ನು ಬೆಳಗ್ಗೆಯೇ ಆ ಕಲ್ಲಿನ ದೂರಕ್ಕೆ ಹೊಂದಿಸಿ ಇಟ್ಟುಬಿಡುತ್ತಿದ್ದ. ಬರುವವರ ಮುಖ ನೋಡುತ್ತಲೇ ಇರಲಿಲ್ಲ, ಬೆಳ್ಳನೆಯ ಕಲ್ಲಿನ ಮೇಲೆ ಕಾಲು ಬಿದ್ದ ಕೂಡಲೇ ಗುಂಡಿ ಒತ್ತುತ್ತಿದ್ದ. ಹಾಗಾಗಿ ಅವನು ತೆಗೆದ ಚಿತ್ರಗಳಲ್ಲಿ ಊರಿನವರೆಲ್ಲ ಒಂದೇ ಕಲ್ಲು ಮೆಟ್ಟಿ, ಇನ್ನೊಂದು ಕಾಲನ್ನು ಗಾಳಿಯಲ್ಲಿಟ್ಟುಕೊಂಡಿದ್ದಾರೆ. ಡಾಕ್ಟರು, ಮೀನು ಮಾರುವವಳು, ಶಾಲೆ ತಪ್ಪಿಸಿಕೊಂಡ ಹುಡುಗರು, ಪೊಲೀಸಿನವನು, ಎಲ್ಲರೂ.

ಚಿತ್ರ ತೆಗೆದ ಮೇಲೆ ಅಪ್ಪ ಅವರ ಕೈಗೆ ಒಂದು ಚೀಟಿ ತುರುಕುತ್ತಿದ್ದ. ಮಾರನೆಯ ದಿನ ಚೀಟಿ ಹಿಡಿದು ಅಂಗಡಿಗೆ ಬಂದರೆ ಫೋಟೋ ನೋಡಬಹುದು, ಇಷ್ಟವಾದರೆ ತಗೊಳ್ಳಬಹುದು. ಅಂಗಡಿ ಅಂದರೆ ಮಹಡಿ ಮೆಟ್ಟಿಲ ಕೆಳಗಿನ ಒಂದು ಗೂಡು. ಮುಂದೆ ಮೇಜು, ಹಿಂದೆ ಕಪ್ಪು ಪರದೆ, ಪರದೆಯಾಚೆ ಕೆಂಪು ಬಲ್ಬು. ಬಟ್ಟೆ ಒಣಗಿಸುವ ಕ್ಲಿಪ್ಪುಗಳಲ್ಲಿ ಜನ ತೇವವಾಗಿ ನೇತಾಡುತ್ತಿದ್ದರು. ಫೋಟೋ ತೊಳೆಯುವ ಹೈಪೋ ನೀರಿನ ಹುಳಿ ವಾಸನೆ ಅಪ್ಪನ ಬೆರಳಿಗೆ ಎಷ್ಟು ಅಂಟಿತ್ತೆಂದರೆ, ಅವನು ತಲೆ ಸವರಿದರೆ ನನ್ನ ಕೂದಲಿಗೂ ಬರುತ್ತಿತ್ತು. ಈಗ ಎಲ್ಲಾದರೂ ಆ ವಾಸನೆ ಬಂದರೆ ನಾನು ತಿರುಗಿ ಅಪ್ಪನನ್ನು ಹುಡುಕಿಯೇನು. ಎಲ್ಲೂ ಬರುವುದಿಲ್ಲ ಅನ್ನುವುದು ಬೇರೆ ಮಾತು.

ಚೀಟಿ ತಗೊಂಡವರಲ್ಲಿ ಮುಕ್ಕಾಲು ಪಾಲು ತಿರುಗಿ ಬರುತ್ತಿರಲಿಲ್ಲ. ಅವರ ಫೋಟೋಗಳನ್ನು ಅಪ್ಪ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ ಮನೆಗೆ ತರುತ್ತಿದ್ದ. ಅದಕ್ಕೆ ನಮ್ಮ ಮನೆಯಲ್ಲಿ ಬಾರದವರ ಡಬ್ಬ ಎಂದೇ ಹೆಸರು. ಊಟಕ್ಕೆ ಕೂತಾಗ ಕಣ್ಣು ಮುಚ್ಚಿ ಡಬ್ಬದಿಂದ ಒಂದು ಫೋಟೋ ತೆಗೆಯಬೇಕು, ಅದರಲ್ಲಿದ್ದವರ ಕತೆ ಹೇಳಬೇಕು. ಮೊದಲು ಕಾಲು ನೋಡಬೇಕು, ಆಮೇಲೆ ಕೈ, ಕೊನೆಗೆ ಮುಖ, ಇದು ಅಪ್ಪನ ಕಟ್ಟಪ್ಪಣೆ. ಮುಖದಿಂದ ಶುರುಮಾಡಿದರೆ "ಎಲ್ಲಾ ಹೇಳಿಬಿಟ್ಟೆ, ಇನ್ನೇನು ಉಳೀತು?" ಎಂದು ಕಸಿದುಕೊಂಡುಬಿಡುತ್ತಿದ್ದ.

ಒಂದರಲ್ಲಿ ಒಬ್ಬ ಗೋಡೆ ಗಡಿಯಾರವನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯುತ್ತಿದ್ದ. ರಿಪೇರಿಗೆ ಒಯ್ಯುತ್ತಿದ್ದಾನೆ ಎಂದೆ ನಾನು. ಅಮ್ಮ ಅವನ ಕಾಲು ನೋಡಿ, "ಮನೆ ಚಪ್ಪಲಿಯಲ್ಲೇ ಬಂದಿದಾನೆ, ಜಗಳ ಆಡಿ ಹೊರಟುಬಿಟ್ಟಿದಾನೆ, ಮನೆಯಲ್ಲಿ ತನ್ನದು ಅಂತ ಇದ್ದದ್ದು ಅದೊಂದೇ" ಎಂದಳು. ಇನ್ನೊಂದರಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು, ನಡುವೆ ಇನ್ನೊಬ್ಬರು ನಡೆಯುವಷ್ಟು ಜಾಗ. ಜಗಳವಾಗಿದೆ ಎಂದ ಅಪ್ಪ. "ಇಲ್ಲಾರೀ, ಇನ್ನೂ ಮದುವೆ ಆಗಿಲ್ಲ" ಎಂದಳು ಅಮ್ಮ. ಅಮ್ಮನ ಕತೆಯ ಮುಂದೆ ನಮ್ಮ ಕತೆಗಳೆಲ್ಲ ಸಪ್ಪೆ. ಅಜ್ಜಿ ಮಾತ್ರ ಮೂಲೆಯಿಂದ, "ಹೊಟ್ಟೆಗಿಲ್ಲದ ಕತೆ ಸಾಕು, ತಟ್ಟೆ ತೊಳೀರಿ" ಎಂದು ಗೊಣಗುತ್ತಿದ್ದಳು.

ಅಜ್ಜಿ ಅಪ್ಪನ ತಾಯಿ. ಬಾಯಿ ಬಿಟ್ಟರೆ ಬಣ್ಣಗೇಡು. ಅಮ್ಮ ಬೆಳೆದದ್ದು ಅನಾಥಾಲಯದಲ್ಲಿ, ಹೆತ್ತವರು ಯಾರು ಏನು ಒಂದೂ ಗೊತ್ತಿಲ್ಲ ಎನ್ನುವುದು ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅನ್ನ ಒಂಚೂರು ತಳ ಹಿಡಿದರೆ ಸಾಕು, "ನಿಮ್ಮ ತವರಲ್ಲಿ ಹೀಗೇ ಮಾಡ್ತಾರಾ?" ಎನ್ನುತ್ತಿದ್ದಳು. ಗಾಯದ ಮೇಲೆ ಉಪ್ಪು ಸುರಿಯುವುದೆಂದರೆ ಇದು. ಅಪ್ಪನಿಗೆ ಬೀದಿಯಲ್ಲಿ ಇಡೀ ಊರನ್ನು ಗದರುವ ಧೈರ್ಯವಿತ್ತು, ತಾಯಿಯ ಎದುರು ಮಾತ್ರ ಬಾಯಿಗೆ ಬೀಗ.

ಒಂದು ದಿನ ಅಮ್ಮ ತಡೆಯಲಾರದೆ ಚೀಲಕ್ಕೆ ಬಟ್ಟೆ ತುಂಬಿದಳು. ಬಾಗಿಲ ತನಕ ಹೋದಳು. ಆಮೇಲೆ ಚೀಲ ಕೆಳಗಿಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಸಿಟ್ಟು ಮಾಡ್ಕೊಂಡು ಹೋಗೋಕೂ ಒಂದು ಮನೆ ಬೇಕಲ್ರೀ" ಎಂದಳು. ನಾನು ತೀರ ಚಿಕ್ಕವಳು, ಆದರೂ ಆ ಮಾತು ನನಗೆ ನೆನಪಿದೆ. ಅವಳು ಅಳಲಿಲ್ಲ. ಏನೋ ಲೆಕ್ಕ ತಪ್ಪಿದವಳಂತೆ ಹೇಳಿದಳು, ಅಷ್ಟೇ.

ಮಾರನೆಯ ದಿನ ಅಪ್ಪ ಬಾರದವರ ಡಬ್ಬದಿಂದ ಒಂದು ಫೋಟೋ ಆರಿಸಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿಕೊಂಡು ಬಂದ. ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿ, "ತಗೋ, ನಿಮ್ಮಣ್ಣ. ಇನ್ಮೇಲೆ ನನ್ನ ಮೇಲಾಗಲಿ ನಮ್ಮಮ್ಮನ ಮೇಲಾಗಲಿ ಏನು ದೂರಿದ್ರೂ ಇವನ ಹತ್ರ ಹೇಳು. ಕೇಳೋರಿದಾರೆ ಅಂತ ಗೊತ್ತಾದ್ರೆ ನಾವೂ ಸ್ವಲ್ಪ ಹದ್ದುಬಸ್ತಿನಲ್ಲಿ ಇರ್ತೀವಿ" ಎಂದ. ಅಮ್ಮ ನಕ್ಕು ನಕ್ಕು ಸುಸ್ತಾದಳು. ನಗು ನಿಂತ ಮೇಲೆ ಸೆರಗಿನಿಂದ ಗಾಜು ಒರೆಸಿದಳು.

ಆ ಫೋಟೋದಲ್ಲಿದ್ದವನಿಗೆ ಮೂವತ್ತರ ಆಸುಪಾಸು. ಅರ್ಧ ತೋಳಿನ ಅಂಗಿ, ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಪೊಟ್ಟಣ. ಒಂದು ಚಪ್ಪಲಿಯ ಬಾರು ಕಿತ್ತು, ಅದಕ್ಕೆ ಪಿನ್ನು ಚುಚ್ಚಿದ್ದ. ಎಡಗಿವಿಯ ತುದಿ ಯಾರೋ ಪುಟ ಗುರುತಿಗೆ ಮಡಚಿದ ಹಾಗೆ ಒಳಕ್ಕೆ ಮಡಚಿಕೊಂಡಿತ್ತು. ಮುಖ ಪಕ್ಕಕ್ಕೆ ತಿರುಗಿಸಿ ಬಾಯ್ತುಂಬ ನಗುತ್ತಿದ್ದ. ಅಷ್ಟು ನಗುವವನು ಅಣ್ಣನಾಗೋಕೆ ಲಾಯಕ್ಕು ಎಂದು ಅಪ್ಪ ಅವನನ್ನೇ ಆರಿಸಿದನಂತೆ.

ತಮಾಷೆಗೆ ಶುರುವಾದದ್ದು ತಮಾಷೆಯಾಗಿ ಉಳಿಯಲಿಲ್ಲ. ಅಮ್ಮ ನಿಜಕ್ಕೂ ಅವನ ಹತ್ತಿರ ಹೇಳತೊಡಗಿದಳು. "ನೋಡಣ್ಣ, ನಿನ್ನ ಭಾವಮೈದ ಇವತ್ತೂ ತಡವಾಗಿ ಬಂದ್ರು." "ಕೇಳಿದ್ಯಾ ಅಣ್ಣ, ನಿನ್ನ ತಂಗಿ ಮಾಡಿದ ಸಾರಿಗೆ ಉಪ್ಪಿಲ್ವಂತೆ." ಅಜ್ಜಿ ಮೊದಲು ಹುಚ್ಚು ಅಂದಳು, ಆಮೇಲೆ ಸುಮ್ಮನಾದಳು, ಕೊನೆಕೊನೆಗೆ ತಾನೇ "ನಿಮ್ಮಣ್ಣನ ಮುಂದೆ ನನ್ನನ್ನ ಕೆಟ್ಟವಳು ಮಾಡಬೇಡ" ಎನ್ನುವಷ್ಟಕ್ಕೆ ಬಂದಳು. ಅಪ್ಪ ದಿನಕ್ಕೊಂದು ಬಾಲ್ಯದ ಕತೆ ಕಟ್ಟಿ ಕೊಡುತ್ತಿದ್ದ. ಮಾವ ಬಾವಿಗೆ ಬಿದ್ದು, ಹಗ್ಗ ಇಳಿಬಿಟ್ಟರೆ "ಮೊದಲು ನನ್ನ ಚೆಂಡು ಎತ್ತಿ" ಎಂದು ಹಟ ಮಾಡಿದ್ದು. ನಾಯಿ ಕಂಡರೆ ತಂಗಿಯ ಹಿಂದೆ ಅಡಗುತ್ತಿದ್ದದ್ದು. ಸಿಳ್ಳೆ ಹಾಕಲು ಬಾರದೆ ಬರೀ ಗಾಳಿ ಊದುತ್ತಿದ್ದದ್ದು. ನಾನು ಶಾಲೆಯಲ್ಲಿ ಇವನ್ನೆಲ್ಲ ಹೇಳಿ ಮೆರೆದಿದ್ದೇ ಮೆರೆದಿದ್ದು.

ಅವನು ಯಾರೂ ಅಲ್ಲ ಎಂದು ನನಗೆ ಹೇಳಿದವಳು ಅಜ್ಜಿ. ನಾನಾಗ ಮೊಣಕಾಲುದ್ದ ಸಾಕ್ಸ್ ಹಾಕುವ ವಯಸ್ಸಿನವಳು. ಸತ್ತವರಿಗೆ ಅತ್ತ ಹಾಗೆ ಅತ್ತೆ. ಅಮ್ಮ ನನ್ನನ್ನು ಮಡಿಲಿಗೆ ಎಳೆದುಕೊಂಡು, "ಯಾರೂ ಅಲ್ಲದವನು ಯಾರಾದರೂ ಆಗಬಾರದು ಅಂತ ಕಾನೂನಿದೆಯೇನೇ?" ಎಂದಳು. ಮರುದಿನದಿಂದ ಮತ್ತೆ ಮಾವ ಎಂದೇ ಕರೆದೆ.

ಅಜ್ಜಿ ಹೋದಳು. ಎಷ್ಟೋ ವರ್ಷಗಳ ಮೇಲೆ ಅಪ್ಪನೂ ಹೋದ. ಫಿಲ್ಮ್ ಹೋಯಿತು, ಕೆಂಪು ಬಲ್ಬು ಹೋಯಿತು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಈಗ ನಾನು ಪಾಸ್‌ಪೋರ್ಟ್ ಫೋಟೋ ತೆಗೆಯುತ್ತೇನೆ, ಜೆರಾಕ್ಸ್ ಮಾಡಿಕೊಡುತ್ತೇನೆ. ನನ್ನ ಬಾಯಲ್ಲಿ ದಿನವಿಡೀ "ಅಲ್ಲಾಡಬೇಡಿ, ನಗಬೇಡಿ" ಎನ್ನುವುದೇ. ಅಪ್ಪ ಬದುಕಿದ್ದಿದ್ದರೆ ನನ್ನನ್ನು ಅಂಗಡಿಯಿಂದ ಆಚೆ ದಬ್ಬುತ್ತಿದ್ದ.

ಹೋದ ವರ್ಷ ಕಲಾಶಾಲೆಯ ಮೇಷ್ಟ್ರೊಬ್ಬರು ಜೆರಾಕ್ಸಿಗೆ ಬಂದವರು ಅಪ್ಪನ ಚಿತ್ರಗಳನ್ನು ನೋಡಿ ಕೂತುಬಿಟ್ಟರು. ಇವನ್ನು ತೆಗೆದ ಬೀದಿಯಲ್ಲೇ ತೂಗುಹಾಕೋಣ, ಕಂಬಗಳ ಮೇಲೆ, ಗೋಡೆಗಳ ಮೇಲೆ, ಜನ ನಡೆಯುತ್ತಾ ನೋಡಲಿ ಎಂದರು. ನನಗೂ ಹುರುಪು ಬಂತು. ಒಂದೊಂದು ಚಿತ್ರದ ಕೆಳಗೂ ಒಂದು ಸಾಲು ಬರೆಯಬೇಕಿತ್ತು. ಗೊತ್ತಿದ್ದವರಿಗೆ ಗೊತ್ತಿದ್ದದ್ದು ಬರೆದೆ, ಗೊತ್ತಿಲ್ಲದವರಿಗೆ 'ದಾರಿಹೋಕರು' ಎಂದೆ. ಅಮ್ಮ ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ಓದುತ್ತಾ ಬಂದವಳು ಒಂದರ ಹತ್ತಿರ ನಿಂತಳು.

"ಇದೇನೇ ಇದು? ನಮ್ಮಣ್ಣ ದಾರಿಹೋಕನಾ?"

"ಮತ್ತಿನ್ನೇನಮ್ಮ?"

"ಆ ಡಾಕ್ಟರಿಗೆ, ಆ ಪೊಲೀಸಿನವನಿಗೆ, ಎಲ್ಲರಿಗೂ ಒಂದು ಗುರುತಿದೆ. ನಮ್ಮಣ್ಣನೇ ಬಿಟ್ಟಿ ಬಿದ್ದಿದಾನಾ? ಸೋದರಮಾವ ಅಂತ ಬರಿ."

ಹಟಕ್ಕೆ ಬಿದ್ದರೆ ಅಮ್ಮ ಅಲ್ಲಾಡುವವಳಲ್ಲ. ಮುದುಕಿಯ ಆಸೆ, ಯಾರಿಗೇನು ನಷ್ಟ ಎಂದುಕೊಂಡು, 'ನಮ್ಮ ಸೋದರಮಾವ, ಪೇಟೆಯಿಂದ ಮನೆಗೆ' ಎಂದು ಬರೆದೆ. ಉಳಿದವುಗಳಂತೆ ನಮ್ಮ ಅಂಗಡಿಯ ವಿಳಾಸದ ಸಮೇತ ಆ ಚಿತ್ರ ಬ್ಯಾಂಕಿನ ಮುಂದಿನ ಕಂಬಕ್ಕೆ ಹೋಯಿತು. ಅಲ್ಲೇ ಸಿಗ್ನಲ್, ಎಲ್ಲ ಬಸ್ಸುಗಳೂ ನಿಲ್ಲುವ ಜಾಗ.

ಒಂದು ಮಧ್ಯಾಹ್ನ ಅಳುವ ಕೂಸೊಂದರ ಪಾಸ್‌ಪೋರ್ಟ್ ಫೋಟೋಕ್ಕೆ ಒದ್ದಾಡುತ್ತಿದ್ದೆ. ಅದರ ತಾಯಿ ಗಿಲಕಿ ಆಡಿಸುತ್ತಿದ್ದಳು, ತಂದೆ ಕೋತಿಯಂತೆ ಕುಣಿಯುತ್ತಿದ್ದ. ಅಷ್ಟರಲ್ಲಿ ಖಾಕಿ ಅಂಗಿಯ ಬಸ್ ಕಂಡಕ್ಟರಮ್ಮ ಒಬ್ಬಳು ಹೆಗಲ ಚೀಲದ ಸಮೇತ ಒಳಗೆ ಬಂದಳು.

"ಅಕ್ಕ, ಬ್ಯಾಂಕ್ ಎದುರು ಕಂಬದ ಮೇಲಿರೋ ಫೋಟೋ, ಅವರು ನಿಮಗೇನಾಗಬೇಕು?"

ನನ್ನ ತಲೆಯೆಲ್ಲ ಕೂಸಿನ ಮೇಲೆ. "ಸೋದರಮಾವ. ಕೆಳಗೆ ಬರ್ದಿದೆಯಲ್ಲ, ಓದಿಲ್ವಾ?" ಎಂದೆ, ಸ್ವಲ್ಪ ರೇಗಿ.

ಅವಳು ಸ್ಟೂಲಿನ ಮೇಲೆ ಕೂತಳು. ಕೂಸಿನವರು ಹೋಗುವ ತನಕ ಕಾದಳು. ಆಮೇಲೆ ಚೀಲದಿಂದ ಒಂದು ಹಳೆಯ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಯಾವುದೋ ಕಾರ್ಖಾನೆಯದು. ಅದರ ಮೂಲೆಯಲ್ಲಿ ಅಂಚೆಚೀಟಿಯಷ್ಟು ಫೋಟೋ, ನಗುವಿಲ್ಲದ ಮುಖ. ಎಡಗಿವಿ ಮಡಚಿಕೊಂಡಿತ್ತು. ನಾನು ತಲೆ ಎತ್ತಿ ಅವಳನ್ನು ನೋಡಿದೆ. ಅವಳ ಎಡಗಿವಿಯೂ ಹಾಗೇ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

"ನಮ್ಮಪ್ಪ," ಎಂದಳು. "ನಾನು ಮಾತು ಕಲಿಯೋ ಹೊತ್ತಿಗೇ ತೀರಿಕೊಂಡರು. ನನ್ನ ಹತ್ರ ಇರೋ ಮುಖ ಇದೊಂದೇ. ಬಸ್ಸು ಸಿಗ್ನಲಲ್ಲಿ ನಿಂತಾಗ ಕಿಟಕಿಯಿಂದ ನೋಡಿದೆ ಅಕ್ಕ. ನಮ್ಮಪ್ಪ ನಗ್ತಿದಾರೆ. ವಿಸಿಲ್ ಹೊಡೆಯೋದೇ ಮರೆತುಹೋಯ್ತು, ಡ್ರೈವರ್ ಬೈದ."

ಅವಳ ಮುಂದಿನ ಮಾತು ಏನೆಂದು ಗೊತ್ತಾಗಿಹೋಯಿತು.

"ಅಪ್ಪನ ಕಡೆಯವರು ಒಬ್ಬರೂ ನಮ್ಮನ್ನ ತಿರುಗಿ ನೋಡಲಿಲ್ಲ ಅಂತ ಅಮ್ಮ ಹೇಳೋಳು. ಎಷ್ಟು ಜನ, ಎಲ್ಲಿದಾರೆ, ಏನೂ ಗೊತ್ತಿಲ್ಲ. ಈಗ ನೋಡಿದ್ರೆ ಅಪ್ಪಂಗೆ ಒಬ್ಬಳು ತಂಗಿ ಇದಾಳೆ! ನಿಮ್ಮ ತಾಯಿ ಅಂದ್ರೆ ನಂಗೆ ಸೋದರತ್ತೆ ಆಗಬೇಕಲ್ವಾ? ಇದಾರಾ ಅಕ್ಕ, ಬದುಕಿದಾರಾ?"

ಇಲ್ಲ ತಾಯಿ, ಇದೆಲ್ಲ ಒಂದು ಆಟ, ನಿಮ್ಮಪ್ಪ ಯಾರೋ ನಮಗೆ ಗೊತ್ತೇ ಇಲ್ಲ ಎಂದು ಆಗಲೇ ಹೇಳಬೇಕಿತ್ತು. ಆ ಮುಖ ನೋಡುತ್ತಾ ಹೇಳಲು ನಾಲಿಗೆ ಏಳಲಿಲ್ಲ. ಭಾನುವಾರ ಮನೆಗೆ ಬನ್ನಿ ಎಂದೆ. ಅವಳು ನನ್ನ ಎರಡೂ ಕೈ ಹಿಡಿದು ಒತ್ತಿ, ಬಸ್ಸಿಗೆ ಹೊತ್ತಾಯಿತೆಂದು ಓಡಿದಳು.

ಮನೆಗೆ ಬಂದು ಅಮ್ಮನ ಮೇಲೆ ಹರಿಹಾಯ್ದೆ. "ನೋಡಿದ್ಯಾ ನಿನ್ನ ಹಟ? ಈಗ ಸೋದರ ಸೊಸೆ ಬರ್ತಿದಾಳೆ, ಏನು ಹೇಳ್ತೀಯ?" ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಗೋಡೆಯ ಕಡೆ ನೋಡಿದಳು. "ಇವನಿಗೊಬ್ಬಳು ಮಗಳಿದ್ದಳಾ?" ಎಂದು ಮೆಲ್ಲಗೆ ಕೇಳಿದಳು. ಇಷ್ಟು ವರ್ಷ ಮನೆಯ ಸುದ್ದಿಯೆಲ್ಲ ಹೇಳಿಕೊಂಡಿದ್ದಳಲ್ಲ, ಅವನ ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಒಂದು ಸಲವೂ ಯೋಚಿಸಿರಲಿಲ್ಲವಂತೆ. ಹಾಗೆಂದು ಹೇಳಿ ಬಹಳ ನೊಂದುಕೊಂಡಳು. ಕೊನೆಗೆ ಇಬ್ಬರೂ ಒಂದು ತೀರ್ಮಾನಕ್ಕೆ ಬಂದೆವು. ಬಂದ ಕೂಡಲೇ ನಿಜ ಹೇಳಿಬಿಡುವುದು.

"ನಾನೇ ಹೇಳ್ತೀನಿ. ನೀನು ನಡುವೆ ಬಾಯಿ ಹಾಕಬೇಡ," ಎಂದಳು ಅಮ್ಮ.

ಭಾನುವಾರ ಅವಳು ಖಾಕಿ ಬಿಟ್ಟು ಹೂವಿನ ಬಟ್ಟೆ ಹಾಕಿಕೊಂಡು ಬಂದಿದ್ದಳು. ಗುರುತೇ ಸಿಗಲಿಲ್ಲ. ಬಾಗಿಲಲ್ಲೇ ನಿಂತು "ಅತ್ತೇ" ಎಂದಳು. ಅಷ್ಟೇ, ಅಮ್ಮನ ತೀರ್ಮಾನ ಮಂಜಿನ ಹಾಗೆ ಕರಗಿಹೋಯಿತು. "ಬಾ ಮಗಳೇ, ಬಾ, ಬಿಸಿಲಲ್ಲಿ ಬಂದಿದೀಯ" ಎಂದು ಒಳಗೆ ಕರೆದುಕೊಂಡಳು. ಚಹಾ ಮಾಡಿದಳು. ಬಿಸ್ಕತ್ತಿನ ತಟ್ಟೆಯನ್ನು ಅವಳ ಕಡೆಗೇ ಸರಿಸಿದಳು, ನನಗೆ ಒಂದೂ ಸಿಗಲಿಲ್ಲ.

ಅವಳು ಗೋಡೆಯ ಮೇಲಿನ ಫೋಟೋ ನೋಡಿದಳು. ಹೊಗೆ ಹಿಡಿದ ಅಡುಗೆಮನೆಯಲ್ಲಿ ಅದರ ಗಾಜು ಮಾತ್ರ ಫಳಫಳ ಹೊಳೆಯುತ್ತಿತ್ತು. "ದಿನಾ ಒರೆಸ್ತೀರಾ ಅತ್ತೆ?" ಎಂದಳು. ಅಮ್ಮ ತಲೆಯಾಡಿಸಿದಳು. ಅದಾದರೂ ನಿಜ.

"ಅಪ್ಪ ಚಿಕ್ಕವರಿದ್ದಾಗ ಹೇಗಿದ್ರು?"

ನಾನು ಅಮ್ಮನನ್ನು ದುರುಗುಟ್ಟಿ ನೋಡಿದೆ. ಈಗ ಹೇಳು, ಈಗ. ಅಮ್ಮ ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿದು, "ನಾಯಿ ಅಂದ್ರೆ ಬಹಳ ಹೆದರಿಕೆ," ಎಂದಳು.

"ಅಯ್ಯೋ! ನನ್ನ ಮಗನೂ ಹಾಗೇ ಅತ್ತೆ! ಬೀದಿ ತುದಿಯಲ್ಲಿ ನಾಯಿ ಕಂಡ್ರೆ ನನ್ನ ಬೆನ್ನ ಹಿಂದೆ!"

"ಇವನೂ ಹಾಗೇ, ನನ್ನ ಹಿಂದೆ ಅಡಗೋನು," ಎಂದಳು ಅಮ್ಮ. ಆಮೇಲೆ ಬಾವಿ ಬಂತು, ಚೆಂಡು ಬಂತು, ಬಾರದ ಸಿಳ್ಳೆ ಬಂತು. ಅಪ್ಪ ಊಟದ ಹೊತ್ತಿಗೆ ಕಟ್ಟಿದ್ದ ಕತೆಗಳೆಲ್ಲ ಒಂದೊಂದಾಗಿ ಸಾಲುಗಟ್ಟಿ ಬಂದವು. ಕಂಡಕ್ಟರಮ್ಮ ಕೈ ತಟ್ಟಿ ನಗುತ್ತಿದ್ದಳು, ನಡುನಡುವೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಮ್ಮ ಒಂದು ಸುಳ್ಳಿಗೆ ಒಂಬತ್ತು ಸುಳ್ಳು ಪೋಣಿಸುತ್ತಿದ್ದಾಳಲ್ಲ, ಇದನ್ನು ಬಿಡಿಸುವುದು ಹೇಗೆ? ಆದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಗಳಿಗೆ ನನಗೂ ಅಪ್ಪ ಅಲ್ಲೇ ನಮ್ಮ ಪಕ್ಕ ಕೂತು ಕತೆ ಹೇಳುತ್ತಿದ್ದಾನೆ ಅನ್ನಿಸಿತು. ನಿಲ್ಲಿಸಬೇಡಮ್ಮ ಅನ್ನಿಸಿತು.

ನಗು ನಿಂತಿತು. ಕಂಡಕ್ಟರಮ್ಮ ಖಾಲಿ ಲೋಟವನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಳು.

"ಒಂದು ಮಾತು ಕೇಳ್ಲಾ ಅತ್ತೆ? ಬೇಜಾರು ಮಾಡ್ಕೋಬಾರದು."

"ಕೇಳು."

"ಅಪ್ಪ ಹೋದ ಮೇಲೆ ಅಮ್ಮ ಅಂಗಿಗಳಿಗೆ ಕಾಜಾ ಹೊಲಿದು ಹೊಲಿದು ನನ್ನ ಸಾಕಿದಳು. ಕೊನೆಗೆ ಕಣ್ಣೇ ಕಾಣ್ತಿರಲಿಲ್ಲ, ಬೆರಳಲ್ಲೇ ತಡವಿ ಗುಂಡಿಗೆ ತೂತು ಮಾಡೋಳು. ಯಾರಾದರೂ ಬಾಗಿಲು ತಟ್ಟಿದ್ರೆ, 'ನಿಮ್ಮಪ್ಪನ ಕಡೆಯವರೇನೋ ನೋಡು' ಅನ್ನೋಳು." ಅವಳು ತಲೆ ಎತ್ತಿದಳು. ಕಣ್ಣಲ್ಲಿ ಈಗ ನೀರಿರಲಿಲ್ಲ. "ಇಷ್ಟು ಪ್ರೀತಿಯಿಂದ ಫೋಟೋ ಇಟ್ಕೊಂಡಿದೀರ. ದಿನಾ ಒರೆಸ್ತೀರ. ಇದೇ ಊರಲ್ಲಿ ಇದ್ರಿ. ಮತ್ತೆ ಯಾಕೆ ಅತ್ತೆ? ಯಾಕೆ ಒಂದು ಸಲಾನೂ ಬರಲಿಲ್ಲ?"

ನನಗೆ ಸಾಕಾಯಿತು. ಮಾಡದ ತಪ್ಪಿಗೆ ನನ್ನಮ್ಮ ಯಾಕೆ ತಲೆ ಕೊಡಬೇಕು? "ನೋಡಮ್ಮಾ, ಅದು ಹಾಗಲ್ಲ, ಅಸಲಿಗೆ..." ಎಂದು ಶುರುಮಾಡಿದೆ. ಅಮ್ಮ ನನ್ನ ಕಡೆ ನೋಡದೆಯೇ ಕೈ ಎತ್ತಿ ನನ್ನನ್ನು ತಡೆದಳು. ಕೂತಲ್ಲಿಂದ ಎದ್ದಳು. ಮಂಡಿ ನೋವಿನವಳು, ಏಳಲು ಹೊತ್ತಾಯಿತು. ಕಂಡಕ್ಟರಮ್ಮನ ಎದುರಿಗೆ ಹೋಗಿ ನಿಂತಳು.

"ತಪ್ಪಾಯ್ತು ಮಗಳೇ," ಎಂದಳು. "ಬರಬೇಕಿತ್ತು. ಬರಲಿಲ್ಲ. ನಿಮ್ಮಮ್ಮ ಬಾಗಿಲು ನೋಡ್ತಾ ಕೂತಿದ್ದಳಲ್ಲ, ದೊಡ್ಡ ತಪ್ಪಾಯ್ತು."

ಕಂಡಕ್ಟರಮ್ಮ ಅಮ್ಮನ ಸೊಂಟ ತಬ್ಬಿ ಹೊಟ್ಟೆಗೆ ಮುಖವಿಟ್ಟು ಬಿಕ್ಕಿದಳು. ಬಸ್ಸಿನಲ್ಲಿ ಅಷ್ಟು ಜನರನ್ನು ಗದರಿ ಹಿಂದಕ್ಕೆ ಕಳಿಸುವವಳು ಮಗುವಿನ ಹಾಗೆ ಅತ್ತಳು. ಅಮ್ಮ ಅವಳ ತಲೆ ಸವರುತ್ತಾ ನಿಂತೇ ಇದ್ದಳು. ನಾನು ಒಲೆಯ ಕಡೆ ತಿರುಗಿಕೊಂಡೆ. ಇನ್ನು ನಿಜ ಹೇಳುವ ಪ್ರಶ್ನೆಯೇ ಇಲ್ಲ, ಸೋದರತ್ತೆ ಆಗಿಹೋದಳು ಎಂದುಕೊಂಡೆ.

ಅಳು ಇಳಿದ ಮೇಲೆ ಅಮ್ಮ ಗೋಡೆಯ ಹತ್ತಿರ ಹೋಗಿ ಫೋಟೋವನ್ನು ಮೊಳೆಯಿಂದ ಇಳಿಸಿದಳು. ಒಂದು ಸಲ ಒರೆಸಿ ಅವಳ ಮಡಿಲಲ್ಲಿಟ್ಟಳು. ಎದುರಿಗೆ ಕೂತಳು.

"ಈಗ ಇನ್ನೊಂದು ಮಾತು ಹೇಳ್ತೀನಿ, ಪೂರ್ತಿ ಕೇಳು. ನಾನು ನಿನ್ನ ಅತ್ತೆ ಅಲ್ಲ. ನಿಮ್ಮಪ್ಪ ಯಾರು ಅಂತ ನನಗೆ ಗೊತ್ತಿಲ್ಲ. ಬೀದಿಯಲ್ಲಿ ನಡ್ಕೊಂಡು ಹೋಗ್ತಿದ್ರು, ನನ್ನ ಗಂಡ ಫೋಟೋ ತೆಗೆದ್ರು. ತಗೊಳ್ಳೋಕೆ ಬರಲಿಲ್ಲ. ನನಗೆ ತವರಿಲ್ಲ ಅಂತ ನನ್ನ ಗಂಡ ಅವರನ್ನೇ ಅಣ್ಣ ಅಂತ ಮಾಡಿಕೊಟ್ರು."

ಕಂಡಕ್ಟರಮ್ಮ ಕಣ್ಣು ಪಿಳುಕಿಸಲಿಲ್ಲ. ಅಮ್ಮ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎನ್ನುವವಳ ಹಾಗೆ ಹೇಳುತ್ತಾ ಹೋದಳು.

"ನಾನು ಬೆಳೆದ ಅನಾಥಾಲಯದಲ್ಲಿ ಭಾನುವಾರ ನೆಂಟರು ಬರೋ ದಿನ. ಕೆಲವು ಮಕ್ಕಳಿಗೆ ಚಿಕ್ಕಪ್ಪನೋ ಅಜ್ಜಿಯೋ ಯಾರಾದರೂ ಇರ್ತಿದ್ರು. ನಾನೂ ತಲೆ ಬಾಚ್ಕೊಂಡು ಕೂತಿರ್ತಿದ್ದೆ. ಕತ್ತಲಾಗೋ ತನಕ. ದೊಡ್ಡವಳಾದ ಮೇಲೂ ಒಂದು ಪ್ರಶ್ನೆ ಇಟ್ಕೊಂಡಿದ್ದೆ, ಯಾರಾದರೂ ಸಿಕ್ರೆ ಕೇಳಬೇಕು ಅಂತ. ಯಾಕೆ ಒಂದು ಸಲಾನೂ ಬರಲಿಲ್ಲ ಅಂತ. ನಂಗೆ ಯಾರೂ ಸಿಗಲೇ ಇಲ್ಲ. ಇವತ್ತು ನೀನು ಅದನ್ನೇ ನನ್ನ ಕೇಳಿದೆ. ಅದಕ್ಕೆ ಉತ್ತರ ಕೊಡದೆ, ನಾನು ಅವಳಲ್ಲ ಅಂತ ಜಾರ್ಕೊಳ್ಳೋಕೆ ನನ್ನಿಂದ ಆಗಲಿಲ್ಲ."

ಅವಳು ಸಿಟ್ಟಾಗಿ ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋದರೆ ತಪ್ಪೇನೂ ಇರಲಿಲ್ಲ. ಅವಳ ಮುಖ ಕೆಂಪಾಗಿತ್ತು.

"ಹಾಗಾದ್ರೆ ಬಾವಿ?"

"ಸುಳ್ಳು."

"ನಾಯಿ?"

"ಅದೂ ಸುಳ್ಳು. ಎಲ್ಲಾ ಆ ಮಹಾರಾಯ ಕಟ್ಟಿದ್ದು."

"ನನ್ನ ಮಗ ಅಪ್ಪನ ಹಾಗೇ ಅಂತ ಎಷ್ಟು ಖುಷಿಪಟ್ಟೆ," ಎಂದಳು. ದನಿ ಗಡುಸಾಗಿತ್ತು. ಅಮ್ಮ ತಲೆ ತಗ್ಗಿಸಿದಳು. ಕಂಡಕ್ಟರಮ್ಮ ಮಡಿಲಲ್ಲಿದ್ದ ಫೋಟೋ ನೋಡಿದಳು, ಪಿನ್ನು ಚುಚ್ಚಿದ ಚಪ್ಪಲಿ ನೋಡಿದಳು, ಆ ನಗು ನೋಡಿದಳು. ಹಾಗೆ ನೋಡುತ್ತಲೇ ಕೇಳಿದಳು:

"ತಪ್ಪಾಯ್ತು ಅಂದ್ರಲ್ಲ. ಅದು?"

"ಅದು ನಿಜ," ಎಂದಳು ಅಮ್ಮ.

ಅವಳು ಫೋಟೋವನ್ನು ಎದೆಗೆ ಒತ್ತಿಕೊಂಡಳು.

"ಆ ಒಂದು ಮಾತನ್ನ ಯಾರಾದರೂ ಬಂದು ಹೇಳ್ತಾರೆ ಅಂತ ನಮ್ಮಮ್ಮ ಸಾಯೋ ತನಕ ಕಾದಳು," ಎಂದಳು. "ಅದನ್ನ ನಾನು ಇಟ್ಕೋತೀನಿ."